ಐವತ್ತಮೂರನೆಯ ವಾರ

ನಮ್ಮ ಮನೆಯಲ್ಲಿ ಆಲೂಗಡ್ಡೆ ಜಗಳ ಶುರುವಾದದ್ದು ಮೂವತ್ತೊಂಬತ್ತನೆಯ ವಾರದ ಶುಕ್ರವಾರ. ಸೆಪ್ಟೆಂಬರ್ ಇಪ್ಪತ್ತೈದು ಎಂದೂ ಹೇಳಬಹುದು, ಆದರೆ ನಮ್ಮ ಡೆನ್ಮಾರ್ಕಿನಲ್ಲಿ ಹಾಗೆ ಹೇಳಿದರೆ ಎದುರಿನವರು ಬೆರಳು ಮಡಚಿ ಎಣಿಸಲು ಶುರು ಮಾಡುತ್ತಾರೆ. ಶಾಲೆಯ ರಜೆ, ಹಲ್ಲಿನ ಡಾಕ್ಟರು, ಕಸದ ಗಾಡಿ, ಎಲ್ಲಕ್ಕೂ ನಮಗೆ ವಾರದ ನಂಬರೇ ಬೇಕು. ಜನವರಿಯಲ್ಲಿ ಒಂದು, ಡಿಸೆಂಬರಿನ ಕೊನೆಗೆ ಐವತ್ತೆರಡು.

ಅವತ್ತು ನಾನು ಕಚೇರಿಯಿಂದ ಬಂದು ಕೋಟು ಬಿಚ್ಚುವಷ್ಟರಲ್ಲಿ ಅತ್ತೆ ಗುಡ್ರುನ್ ಅಡುಗೆಮನೆಯಲ್ಲಿ ಊರುಗೋಲಿಗೆ ಆತುಕೊಂಡು ನಿಂತಿದ್ದರು. ಮುಂದೆ ಒಂದು ಬೋಗುಣಿ ಆಲೂಗಡ್ಡೆ, ಒಂದು ಚಾಕು.

"ಸಿಪ್ಪೆ ತೆಗಿ. ಹಂದಿಮಾಂಸ ಆಗ್ಲೇ ಒಲೇಲಿದೆ."

"ನಂಗಾಗಲ್ಲ ಅತ್ತೆ. ಕೈ ನೋಯ್ತಿದೆ."

"ಏನು ಹೊತ್ತು ಹಾಕ್ದೆ ಅಂತ ನೋವು? ದಿನಾ ಕುರ್ಚಿ ಮೇಲೆ ಕೂತು ಗುಂಡಿ ಒತ್ತೋದು ತಾನೆ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ಅಜ್ಜಿ, ನಾನು ತೆಗೀತೀನಿ ಬಿಡಿ," ಎಂದಳು ಮಗಳು ಟಿಲ್ದೆ. ಅವಳಿಗೆ ಹದಿನಾರು.

"ನೀನು ತೆಗೆದ್ರೆ ಸಿಪ್ಪೆ ಬೇಯ್ಸಿ ಆಲೂಗಡ್ಡೆ ಎಸೀಬೇಕು. ಸುಮ್ನಿರು."

ನನ್ನ ಗಂಡ ಟ್ರೋಲ್ಸ್ ಬಸ್ಸು ಓಡಿಸುವವನು. ನಲವತ್ತು ಜನ ಪ್ರಯಾಣಿಕರನ್ನು ಗದರಿಸಿ ಕೂರಿಸಬಲ್ಲ, ಇಬ್ಬರು ಹೆಂಗಸರು ಒಂದು ಬೋಗುಣಿಯ ಸುತ್ತ ನಿಂತರೆ ಮಾತ್ರ ಪೇಪರಿನ ಹಿಂದೆ ಮಾಯವಾಗುತ್ತಾನೆ. ಅವತ್ತೂ ಮಾಯವಾದ. ಆಲೂಗಡ್ಡೆ ಸಿಪ್ಪೆಯ ಸಮೇತ ಬೆಂದಿತು. ಅತ್ತೆ ಒಂದೊಂದನ್ನೂ ತಟ್ಟೆಯಲ್ಲಿ ಸುಲಿದು, ಸಿಪ್ಪೆಯನ್ನು ನನಗೆ ಕಾಣುವ ಹಾಗೆ ಸಾಲಾಗಿ ಜೋಡಿಸಿದರು.

ಅತ್ತೆಗೆ ಎಪ್ಪತ್ತನಾಲ್ಕು. ಸೊಂಟದ ಮೂಳೆ ಮುರಿದಾಗ ಎರಡು ತಿಂಗಳ ಮಟ್ಟಿಗೆಂದು ನಮ್ಮ ಮನೆಗೆ ಬಂದರು. ಆ ಎರಡು ತಿಂಗಳಿಗೆ ಈಗ ನಾಲ್ಕು ವರ್ಷ. ಬರುವ ಮೊದಲು ಮೂವತ್ತೊಂದು ವರ್ಷ ಸ್ವೆಟರ್ ಹೆಣೆಯುವ ಕಾರ್ಖಾನೆಯಲ್ಲಿ ದುಡಿದವರು. ಕುಳಿತು ಮಾಡುವ ಕೆಲಸವೂ ಒಂದು ಕೆಲಸವೇ ಎಂದು ಅವರು ಒಪ್ಪುತ್ತಿರಲಿಲ್ಲ.

ನನ್ನ ಕೆಲಸದ ಬಗ್ಗೆ ಹೇಳುತ್ತೇನೆ. ಊರಿನ ಮನೆ ಆರೈಕೆ ಕಚೇರಿಯಲ್ಲಿ ವಯಸ್ಸಾದ ತೊಂಬತ್ತಾರು ಜನರ ಹೆಸರಿತ್ತು. ಯಾರಿಗೆ ಬೆಳಗ್ಗೆ ಏಳಕ್ಕೆ ಇನ್ಸುಲಿನ್, ಯಾರಿಗೆ ಸ್ನಾನ, ಯಾರಿಗೆ ಕಾಲು ಊದದ ಹಾಗೆ ಬಿಗಿ ಕಾಲುಚೀಲ, ಆರೈಕೆಯವರಲ್ಲಿ ಯಾರು ಯಾವ ಮನೆಗೆ ಎಷ್ಟು ಹೊತ್ತಿಗೆ ಹೋಗಬೇಕು ಎಂಬ ಪಟ್ಟಿ ನನ್ನದು. ಒಬ್ಬೊಬ್ಬರಿಗೂ ಎಕ್ಸೆಲ್‌ನಲ್ಲಿ ಒಂದು ಹಾಳೆ. ಪ್ರತಿ ಗುರುವಾರ, ಶುಕ್ರವಾರ ಈ ವಾರದ ಹಾಳೆ ತೆರೆದು, ನಕಲು ಮಾಡಿ, ವಾರದ ನಂಬರು ಬದಲಿಸಿ, ಹಳೆಯ ಟಿಕ್ ಗುರುತು ಅಳಿಸಿ, ಉಳಿಸಿ, ಆರೈಕೆಯವರ ಫೋನಿಗೆ ಕಳಿಸಿ, ಮುಚ್ಚಬೇಕು. ಆಮೇಲೆ ಇನ್ನೊಬ್ಬರದು. ಹೀಗೆ ತೊಂಬತ್ತಾರು ಸಲ, ಆರು ವರ್ಷದಿಂದ. ಮೊದಲು ಹೆಬ್ಬೆರಳು ಜೋಮು ಹಿಡಿಯಿತು, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈವರೆಗೂ ಬೆಂಕಿ.

ಡಾಕ್ಟರು ಸುತ್ತಿಬಳಸಿ ಮಾತಾಡಲಿಲ್ಲ. "ಇನ್ನೆರಡು ತಿಂಗಳು ಹೀಗೇ ನಡೆದ್ರೆ ಈ ಕೈ ಮತ್ತೆ ಕೆಲಸಕ್ಕೆ ಬರಲ್ಲ," ಎಂದರು. ಅದಕ್ಕೂ ಮೊದಲು ಒಂಬತ್ತು ವರ್ಷ ನಾನೇ ಆರೈಕೆಯವಳಾಗಿ ಮನೆಮನೆ ತಿರುಗಿ ಬೆನ್ನು ಹಾಳುಮಾಡಿಕೊಂಡಿದ್ದೆ. ಬೆನ್ನು ಹೋದಾಗ ಈ ಕುರ್ಚಿ ಸಿಕ್ಕಿತ್ತು. ಕೈಯೂ ಹೋದರೆ ನಲವತ್ತಾರರ ನನಗೆ ಇನ್ನೊಂದು ಕುರ್ಚಿ ಎಲ್ಲಿದೆ? ಮೇಲಧಿಕಾರಿ ಮೆರೆಟೆಗೆ ಹೇಳಲು ಧೈರ್ಯ ಸಾಲಲಿಲ್ಲ. ಪಕ್ಕದ ವಿಭಾಗದವಳು ಇದೇ ನೋವೆಂದು ರಜೆ ಹಾಕಿ ಹೋದಳು, ಅವಳು ಮರಳುವ ಮೊದಲೇ ಅವಳ ಕುರ್ಚಿಯಲ್ಲಿ ಬೇರೊಬ್ಬಳಿದ್ದಳು. ಹಾಗಾಗಿ ಟ್ರೋಲ್ಸ್‌ಗೆ ಮಾತ್ರ ಹೇಳಿ ಬಾಯಿ ಮುಚ್ಚಿಕೊಂಡಿದ್ದೆ.

ನಲವತ್ತನೆಯ ವಾರದ ಭಾನುವಾರ ಎಲ್ಲ ಬಯಲಾಯಿತು. ಆಲೂಗಡ್ಡೆ ಬೆಂದ ಪಾತ್ರೆಯನ್ನು ಒಲೆಯಿಂದ ಎತ್ತಿದೆ, ಬೆರಳುಗಳು ನನ್ನ ಮಾತು ಕೇಳಲಿಲ್ಲ. ಪಾತ್ರೆ ಜಾರಿ ಕುದಿಯುವ ನೀರು ಅತ್ತೆಯ ಚಪ್ಪಲಿಯಿಂದ ಒಂದು ಗೇಣು ಆಚೆಗೆ ಚೆಲ್ಲಿತು. ಇನ್ನು ಮಹಾಭಾರತವೇ ಎಂದುಕೊಂಡೆ. ಅತ್ತೆ ನೆಲವನ್ನು ನೋಡಲಿಲ್ಲ, ನನ್ನ ಕೈ ನೋಡಿದರು.

"ತೋರ್ಸು."

ತೋರಿಸಿದೆ. ಬೆರಳು ಮಡಚಲು ಹೇಳಿದರು, ಆಗಲಿಲ್ಲ. ಆಗ ಟ್ರೋಲ್ಸ್ ಬಾಯಿಬಿಟ್ಟ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ.

"ಇಷ್ಟು ದಿನ ಬಾಯಲ್ಲಿ ಏನು ಇಟ್ಕೊಂಡಿದ್ದೆ?" ಎಂದು ಅವನನ್ನು ಬೈದು, ನನ್ನ ಕಡೆ ತಿರುಗಿದರು. "ನೀನು ಆಫೀಸಲ್ಲಿ ಮಾಡೋದೇನು? ಒಂದೊಂದೇ ಹೇಳು. ಏನನ್ನೂ ಬಿಡ್ಬೇಡ."

ಊಟದ ಮೇಜಿನ ಮೇಲೆ ತಟ್ಟೆಗಳನ್ನೇ ಹಾಳೆಗಳೆಂದು ಇಟ್ಟು, ಚಮಚದಲ್ಲಿ ತೋರಿಸುತ್ತಾ ಹೇಳಿದೆ. ತೆರೆ, ನಕಲು ಮಾಡು, ನಂಬರು ಬದಲಿಸು, ಅಳಿಸು, ಉಳಿಸು, ಕಳಿಸು, ಮುಚ್ಚು.

"ಮುಂದಿನವ್ರಿಗೆ?"

"ಅದೇ."

"ಅದ್ರ ಮುಂದಿನವ್ರಿಗೆ?"

"ಅದೇ ಅತ್ತೆ. ತೊಂಬತ್ತಾರು ಸಲ."

ಅತ್ತೆಗೆ ಸಿಟ್ಟು ಬಂತು, ಈ ಸಲ ನನ್ನ ಮೇಲಲ್ಲ. "ನಮ್ಮ ಕಾರ್ಖಾನೇಲಿ ಹೂವಿನ ಸಾಲು ಹೆಣೀಬೇಕಾದ್ರೆ ನಾನು ರಟ್ಟಿನ ಕಾರ್ಡಲ್ಲಿ ಒಂದ್ಸಲ ತೂತು ಹೊಡೀತಿದ್ದೆ. ಆಮೇಲೆ ಮಿಷನ್ನು ಸಾವಿರ ಸ್ವೆಟರ್ ಹೆಣೀತಿತ್ತು. ಅದು ಅರವತ್ತೈದನೇ ಇಸ್ವಿ. ಈಗ ಎರಡು ಸಾವಿರದ ಹದಿನೈದು, ನೀನು ಸಾವಿರ ಸ್ವೆಟರ್ ಕೈಯಲ್ಲಿ ಹೆಣೀತಾ ಕೂತಿದ್ಯಾ? ನಿಮ್ಮ ಕಂಪ್ಯೂಟರಿಗೆ ಕಾರ್ಡು ಹಾಕೋ ಜಾಗ ಇಲ್ವಾ?"

"ಇದೆ ಅಜ್ಜಿ," ಎಂದಳು ಟಿಲ್ದೆ. "ಅದಕ್ಕೆ ಮ್ಯಾಕ್ರೋ ಅಂತಾರೆ."

"ಹೆಸರೇನಾದ್ರೂ ಇಟ್ಕೊಳ್ಳಿ. ಅದನ್ನ ಎಲ್ಲಿ ಹೇಳ್ಕೊಡ್ತಾರೆ?"

ಗ್ರಂಥಾಲಯದಲ್ಲಿ ಮಂಗಳವಾರ ನಿವೃತ್ತರ ಕಂಪ್ಯೂಟರ್ ಕೂಟ ನಡೆಯುತ್ತದೆ. ಫೋಟೋ ಕಳಿಸುವುದು, ಬ್ಯಾಂಕಿನ ಗುಪ್ತಸಂಖ್ಯೆ ಬದಲಿಸುವುದು, ನಡುವೆ ಕಾಫಿ. ಅಲ್ಲಿಗೆ ಅತ್ತೆ ಊರುಗೋಲು ಕುಟ್ಟುತ್ತಾ ಹೋಗಿ, ತಮಗೆ ಮ್ಯಾಕ್ರೋ ಬರೆಯಲು ಕಲಿಸಿ ಎಂದರಂತೆ. ಕಲಿಸುವಾತನಿಗೇ ಅದು ಅರ್ಧಂಬರ್ಧ ಗೊತ್ತಿತ್ತು. ಎರಡೇ ಮಂಗಳವಾರದಲ್ಲಿ ಅವನ ಅರ್ಧವನ್ನು ಖಾಲಿ ಮಾಡಿ, ದಪ್ಪನೆಯ ಒಂದು ಪುಸ್ತಕ ಎರವಲು ತಂದರು.

ಅಲ್ಲಿಂದ ನಮ್ಮ ಊಟದ ಮೇಜಿನ ಅರ್ಧ ಅವರ ಪಾಲಾಯಿತು. ಮೊದಲು ಎಲ್ಲವನ್ನೂ ಸ್ವೆಟರ್ ನಕ್ಷೆ ಬರೆಯುವ ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುವರು, ಒಂದು ಕೆಲಸಕ್ಕೆ ಒಂದು ಚೌಕ. ಆಮೇಲೆ ಟಿಲ್ದೆಯ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಕುಟ್ಟುವರು. ನಾನು ಕಚೇರಿಯಿಂದ ಖಾಲಿ ಹಾಳೆಯೊಂದನ್ನು ತಂದುಕೊಟ್ಟಿದ್ದೆ. ಪರೀಕ್ಷೆಗೆ ಒಬ್ಬ ಮುದುಕ ಬೇಕಲ್ಲ? ಅತ್ತೆ ಅದಕ್ಕೆ ತೀರಿಹೋದ ಮಾವನ ಹೆಸರು ಹಾಕಿದರು: ಒಲುಫ್.

"ಅಜ್ಜಿ, ನಂಗೆ ನಾಳೆ ಪ್ರಬಂಧ ಕೊಡಬೇಕು. ಕಂಪ್ಯೂಟರ್ ಕೊಡಿ."

"ಒಲುಫನ ಸ್ನಾನ ಮುಗೀಲಿ."

"ಅಜ್ಜನ ಸ್ನಾನ ಒಂದು ಗಂಟೆಯಿಂದ ನಡೀತಾ ಇದೆ!"

"ಅವನು ಬದುಕಿದ್ದಾಗ್ಲೂ ಹಾಗೇ."

ಮೊದಲ ಸಲ ಓಡಿಸಿದಾಗ ವಾರದ ನಂಬರು ಹೋಗಿ ದೂರವಾಣಿ ಸಂಖ್ಯೆಯ ಜಾಗದಲ್ಲಿ ಕೂತಿತು. ಎರಡನೆಯ ಸಲ ಬೇರೆ ಬೇರೆ ಹೆಸರಿನ ಹನ್ನೆರಡು ಹಾಳೆ ಕೊಟ್ಟರೆ, ಹನ್ನೆರಡೂ ಒಲುಫನಾಗಿ ಹೊರಬಂದವು. ಟ್ರೋಲ್ಸ್ ಬಗ್ಗಿ ನೋಡಿ ನಕ್ಕ. "ಒಬ್ಬ ಅಪ್ಪನನ್ನೇ ಸಂಭಾಳಿಸೋಕೆ ಆಗ್ತಿರ್ಲಿಲ್ಲ, ಹನ್ನೆರಡು ಜನ ಯಾಕಮ್ಮ?"

ಅತ್ತೆ ನಗಲಿಲ್ಲ. ಕಾಗದ ತಿರುಗಿಸಿ ನೋಡಿದರು, ಪುಸ್ತಕ ನೋಡಿದರು, ತಿಂದುಳಿದ ರೈ ಬ್ರೆಡ್ಡಿನ ಚೂರುಗಳನ್ನು ಮೇಜಿನ ಮೇಲೆ ಸಾಲಿಟ್ಟು ಎಣಿಸಿದರು. "ನಾನು ಇದಕ್ಕೆ 'ಈ ಹಾಳೆ' ಅಂತ ಬೆರಳಿಟ್ಟು ತೋರ್ಸಿದ್ದೀನಿ. 'ಮುಂದಿನ ಹಾಳೆ' ಅಂತ ಹೇಳ್ಬೇಕಿತ್ತು. ಹೇಳಿದ್ದು ಬಿಟ್ಟು ಬೇರೆ ಮಾಡಲ್ಲ ಇದು. ಟ್ರೋಲ್ಸ್, ನಿನಗಿಂತ ವಾಸಿ."

ನಲವತ್ತನಾಲ್ಕನೆಯ ವಾರ ಅವರು ಇಡೀ ಮ್ಯಾಕ್ರೋವನ್ನು ಊಟದ ಹೊತ್ತಿಗೆ ನಮಗೆಲ್ಲ ಓದಿ ಹೇಳಿದರು. ಕೊನೆಯ ಸಾಲು ಹೀಗಿತ್ತು: ವಾರ ಐವತ್ತೆರಡು ಆಗಿದ್ದರೆ, ಮುಂದಿನದು ಒಂದು.

"ಭಲೇ ಅಮ್ಮ," ಎಂದ ಟ್ರೋಲ್ಸ್. "ಹೊಸ ವರ್ಷದ ಯೋಚನೇನೂ ಮಾಡಿಬಿಟ್ಟಿದ್ದೀಯಲ್ಲ."

ನಾವು ಮೂವರೂ ತಲೆ ಆಡಿಸಿದೆವು. ಐವತ್ತೆರಡಾದ ಮೇಲೆ ಒಂದು ಎನ್ನುವುದರಲ್ಲಿ ಅನುಮಾನ ಯಾರಿಗೆ?

ನಲವತ್ತೈದನೆಯ ವಾರದ ಗುರುವಾರ ಕಚೇರಿಯಲ್ಲಿ ಮೊದಲ ಸಲ ಓಡಿಸಿದೆ. ಮೆರೆಟೆ ಸಭೆಗೆ ಹೋಗುವವರೆಗೆ ಕಾದಿದ್ದೆ. ಒಂದು ಗುಂಡಿ ಒತ್ತಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡೆ. ಹಾಳೆಗಳು ತಾವಾಗಿ ತೆರೆದವು, ನಂಬರು ಬದಲಾಯಿತು, ಮುಚ್ಚಿದವು. ಹನ್ನೊಂದು ನಿಮಿಷ. ತೊಂಬತ್ತಾರನ್ನೂ ಒಂದೊಂದಾಗಿ ಪರೀಕ್ಷಿಸಿದೆ, ಒಂದೂ ತಪ್ಪಿರಲಿಲ್ಲ. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಗಳಗಳನೆ ಅತ್ತೆ. ನಾಚಿಕೆಯೇನಿಲ್ಲ, ಅತ್ತೆ ಅಂದರೆ ಅತ್ತೆನೇ.

ಸಂಜೆ ಮನೆಗೆ ಬಂದು ಹೇಳಿದೆ: "ತುಂಬ ಉಪಕಾರ ಆಯ್ತು ಅತ್ತೆ. ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ."

"ಹಾಗಾದ್ರೆ ಹೇಳ್ಬೇಡ. ಉಪಕಾರ ಬ್ರೆಡ್ಡಿಗೆ ಹಚ್ಚೋಕಾಗುತ್ತಾ? ಬೆಣ್ಣೆ ತಗೊಂಡು ಬಾ."

ಮುಂದಿನ ವಾರಗಳಲ್ಲಿ ಕೈ ನಿಧಾನವಾಗಿ ನನ್ನದಾಯಿತು. ನಲವತ್ತೆಂಟರಲ್ಲಿ ಕೂದಲು ಬಾಚಿಕೊಂಡೆ. ಐವತ್ತರಲ್ಲಿ ಮಾಂಸದುಂಡೆ ಕಟ್ಟಿದೆ, ಅತ್ತೆ ಅದು ಕಲ್ಲಿನಂತಿದೆ ಎಂದರು, ಎರಡು ಸಲ ಹಾಕಿಸಿಕೊಂಡರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಚಳಿಗಾಲ ಇಬ್ಬರದೂ ಒಂದೇ ಕಾಲವಾಗಿತ್ತು. ಕಚೇರಿಯಲ್ಲಿ ಮಾತ್ರ ನಾನು ಗುಟ್ಟು ಬಿಡಲಿಲ್ಲ. ಗುರುವಾರ ಎಲ್ಲರೂ ನೋಡುವಂತೆ ಬಗ್ಗಿ ಕುಳಿತು ಕೆಲಸ ಮಾಡುವವಳ ಮುಖ ಹಾಕಿಕೊಳ್ಳುತ್ತಿದ್ದೆ.

ಕ್ರಿಸ್‌ಮಸ್ ಐವತ್ತೆರಡನೆಯ ವಾರದಲ್ಲಿ ಬಂತು. ಬುಧವಾರ ಇಪ್ಪತ್ತಮೂರಕ್ಕೇ ಮುಂದಿನ ವಾರದ ಪಟ್ಟಿ ಮುಗಿಸಿ ರಜೆ ಹಾಕಬೇಕಿತ್ತು. ಗುಂಡಿ ಒತ್ತಿ, ಹನ್ನೊಂದು ನಿಮಿಷ ಕಾದು, ಮೆರೆಟೆಯ ಸಹಿ ಪಡೆದು, ಮನೆಗೆ ಓಡಿದೆ. ಹುರಿದ ಬಾತುಕೋಳಿ, ಅನ್ನದ ಪಾಯಸ. ಪಾಯಸದೊಳಗಿನ ಒಂದೇ ಒಂದು ಇಡೀ ಬಾದಾಮಿ ಯಾರಿಗೆ ಸಿಗುತ್ತದೋ ಅವರಿಗೆ ಉಡುಗೊರೆ, ಸಿಗುವವರೆಗೆ ಎಲ್ಲರೂ ತಿನ್ನುತ್ತಲೇ ಇರಬೇಕು. ಅದು ಅತ್ತೆಗೆ ಸಿಕ್ಕಿ, ಅದನ್ನು ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡು ನಮಗೆಲ್ಲ ಮೂರು ಮೂರು ಬಟ್ಟಲು ತಿನ್ನಿಸಿದರು.

ಸೋಮವಾರ, ಡಿಸೆಂಬರ್ ಇಪ್ಪತ್ತೆಂಟು, ಬೆಳಗ್ಗೆ ಆರೂವರೆಗೆ ಫೋನು ಬಂತು. ಆರೈಕೆಯವಳು ಯಾನ್ನಿ.

"ವಿಬೇಕೆ, ಫೋನಲ್ಲಿ ಏನೂ ಇಲ್ಲ ಕಣೇ. 'ಈ ವಾರ ಭೇಟಿಗಳಿಲ್ಲ' ಅಂತ ತೋರಿಸ್ತಿದೆ. ಎಲ್ಲರದ್ರಲ್ಲೂ."

"ಪಟ್ಟಿ ಕಳಿಸಿದ್ದೀನಲ್ಲ!"

"ಒಂದನೇ ವಾರದ್ದು ಇದೆ. ಈ ವಾರದ್ದಿಲ್ಲ. ಇಲ್ಲಿ ನಾನೊಬ್ಳೇ ಹಳಬಳು. ಉಳಿದ ಐದು ಜನ ರಜೆಗೆ ಅಂತ ಬಂದ ಹೊಸಬರು, ಯಾರ ಮನೇನೂ ಗೊತ್ತಿಲ್ಲ. ಕತ್ತಲಲ್ಲಿ ನಿಂತಿದ್ದೀವಿ, ಎಲ್ಲಿಗೆ ಹೋಗ್ಲಿ ಹೇಳು."

ಅತ್ತೆ ಆಗಲೇ ಎದ್ದು ಕಾಫಿ ಇಟ್ಟಿದ್ದರು. ನನ್ನ ಮುಖ ನೋಡಿ, ಕನ್ನಡಕ ಏರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕ್ಯಾಲೆಂಡರ್ ನೋಡಿದರು. ಆ ವಾರದ ಸಾಲಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ೫೩. ಐದಾರು ವರ್ಷಕ್ಕೊಮ್ಮೆ ವರ್ಷಕ್ಕೆ ಒಂದು ವಾರ ಹೆಚ್ಚಿರುತ್ತದೆ. ಶಾಲೆಯ ಮಗುವಿಗೂ ಗೊತ್ತಿರುವ ಮಾತು, ನಾಲ್ಕು ಜನ ಒಂದೇ ಮೇಜಿನಲ್ಲಿ ಕೂತು ಮರೆತಿದ್ದೆವು. ಮ್ಯಾಕ್ರೋ ಹೇಳಿದ ಹಾಗೆ ಐವತ್ತೆರಡರಿಂದ ಒಂದಕ್ಕೆ ಹಾರಿತ್ತು.

ಅತ್ತೆ ಆ ಅಂಕಿಯ ಮೇಲೆ ಬೆರಳಿಟ್ಟರು. "ಅಯ್ಯೋ, ನಾನೇ ಬರೆದೆ. ಆ ಸಾಲು ನಾನೇ ಬರೆದೆ ವಿಬೇಕೆ."

"ಅದನ್ನ ಆಮೇಲೆ ನೋಡೋಣ ಅತ್ತೆ. ಏಳು ಗಂಟೆಗೆ ಇನ್ಸುಲಿನ್ ಇದೆ. ಪೆನ್ಸಿಲ್ ತಗೊಳ್ಳಿ. ಟಿಲ್ದೆ, ಎದ್ದೇಳು!"

ರಜೆಯ ವಾರ ಕಚೇರಿಯ ಬಾಗಿಲು ತೆರೆಯುವುದು ಎಂಟೂವರೆಗೆ. ಟ್ರೋಲ್ಸ್ ಐದಕ್ಕೇ ಬಸ್ಸು ಹತ್ತಿದ್ದ. ನಾನು ಅಡುಗೆಮನೆಯ ನಡುವೆ ನಿಂತು ಕಣ್ಣು ಮುಚ್ಚಿದೆ. ಆರು ವರ್ಷ ಕೈಯಿಂದ ನಕಲು ಮಾಡಿದ ಹಾಳೆಗಳು ತಲೆಯೊಳಗೆ ಒಂದೊಂದಾಗಿ ತೆರೆದುಕೊಂಡವು. ಬಂದರು ಬೀದಿ ನಾಲ್ಕು, ಇನ್ಸುಲಿನ್. ಚರ್ಚಿನ ಹಿಂದಿನ ಮನೆ, ಇನ್ಸುಲಿನ್, ಆಮೇಲೆ ಉಪಾಹಾರ. ಗಿರಣಿ ರಸ್ತೆ ಹನ್ನೆರಡು, ಹಾಸಿಗೆಯಿಂದ ಎಬ್ಬಿಸಲು ಇಬ್ಬರು ಬೇಕು, ಬೀಗದ ಕೈ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ. ನಾನು ಹೇಳಿದ್ದನ್ನು ಅತ್ತೆ ಚೌಕುಳಿ ಕಾಗದದಲ್ಲಿ ಬರೆದರು, ಟಿಲ್ದೆ ಫೋನಿನಲ್ಲಿ ಒಬ್ಬೊಬ್ಬ ಹೊಸಬರಿಗೂ ಓದಿ ಹೇಳಿದಳು. ರಾತ್ರಿಯುಡುಪಿನಲ್ಲೇ ನಿಂತು ಇಪ್ಪತ್ತು ವರ್ಷ ಅನುಭವ ಇದ್ದವಳಂತೆ ಮಾತಾಡಿದಳು: "ಎಡಗಡೆ ತಿರುಗಿ. ನಾಯಿ ಬೊಗಳುತ್ತೆ, ಕಚ್ಚಲ್ಲ."

ಏಳೂಮುಕ್ಕಾಲಿಗೆ, ತೊಂಬತ್ತಾರರಲ್ಲಿ ಸೋಮವಾರ ಹೋಗಬೇಕಾದ ಐವತ್ತೇಳು ಮನೆ ಹಂಚಿಯಾಗಿತ್ತು. ಎಂಟೂವರೆಗೆ ಕಚೇರಿಯ ಬಾಗಿಲಲ್ಲಿದ್ದೆ. ಮ್ಯಾಕ್ರೋದ ಆ ಸಾಲಿನಲ್ಲಿ ಐವತ್ತಮೂರು ಎಂದು ತಿದ್ದಿ ಓಡಿಸಿದೆ, ಪಟ್ಟಿ ಬಂತು. ಆಗ ನೋಡಿದೆ. ಅವತ್ತಿನ ಮನೆಗಳು ಐವತ್ತೆಂಟು.

ಬಿಟ್ಟುಹೋದವರು ಆಸ್ತಾ, ತೊಂಬತ್ತೊಂದು ವರ್ಷ. ಐವತ್ತನೆಯ ವಾರದಲ್ಲಿ ಹೊಸದಾಗಿ ಸೇರಿದವರು. ಅವರ ಹಾಳೆಯನ್ನು ಒಂದು ಸಲ ತುಂಬಿ ಮ್ಯಾಕ್ರೋಗೆ ಒಪ್ಪಿಸಿದ್ದೆ. ಆಮೇಲೆ ಅದು ನನ್ನ ಕೈಯ ಕೆಳಗೆ ಹಾದುಹೋಗಿರಲೇ ಇಲ್ಲ, ತಲೆಯಲ್ಲೂ ಉಳಿದಿರಲಿಲ್ಲ. ಯಾನ್ನಿಯನ್ನು ಅಟ್ಟಿದೆ. ಅವಳು ತಲುಪುವಾಗ ಒಂಬತ್ತೂಕಾಲು. ಎರಡು ಗಂಟೆಗೂ ಹೆಚ್ಚು ಹೊತ್ತು ಆಸ್ತಾ ಬರಿಗಾಲಿನಲ್ಲಿ ಹಾಸಿಗೆಯ ಅಂಚಿಗೆ ಕೂತಿದ್ದರು, ಕಾಲುಚೀಲ ಕೈಯಲ್ಲೇ ಹಿಡಿದುಕೊಂಡು.

ಸಂಜೆ ಅತ್ತೆ ಊಟ ಮುಟ್ಟಲಿಲ್ಲ.

"ನಾಳೆ ನನ್ನನ್ನ ಅವ್ರ ಮನೆಗೆ ಕರ್ಕೊಂಡು ಹೋಗು."

"ತಪ್ಪು ನಂದೂ ಇದೆ ಅತ್ತೆ. ಗುಂಡಿ ಒತ್ತಿದ್ದು ನಾನು."

"ಸ್ವೆಟರಿಗೆ ಮೂರು ತೋಳು ಬಂದ್ರೆ ಗುಂಡಿ ಒತ್ತಿದವಳ ತಪ್ಪಲ್ಲ, ತೂತು ಹೊಡೆದವಳ ತಪ್ಪು."

"ಮೂರು ತೋಳು ಬಂದಿದ್ದನ್ನ ನೋಡ್ದೆ ಅಂಗಡಿಗೆ ಕಳಿಸಿದವಳದ್ದು?" ಎಂದೆ.

ಮರುದಿನ ಹೋದೆವು. ಆಸ್ತಾ ನಮ್ಮನ್ನು ಕೂರಿಸಿ ಬಿಸ್ಕತ್ತಿನ ಡಬ್ಬಿ ಮುಂದಿಟ್ಟರು. ಅತ್ತೆ ಅದನ್ನು ಮುಟ್ಟದೆ ನೇರ ಹೇಳಿದರು: "ನಿನ್ನೆ ನಿಮ್ಮ ಮನೆಗೆ ಹೊತ್ತಿಗೆ ಸರಿಯಾಗಿ ಯಾರೂ ಬರದೇ ಇದ್ದದ್ದು ನನ್ನಿಂದ. ಮಿಷನ್ನಿಗೆ ಐವತ್ತೆರಡರ ತನಕ ಎಣಿಸೋದು ಮಾತ್ರ ಹೇಳ್ಕೊಟ್ಟಿದ್ದೆ."

ಆಸ್ತಾ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ನಿನಗೆ ಎಷ್ಟು ವಯಸ್ಸು?"

"ಎಪ್ಪತ್ನಾಲ್ಕು."

"ಹಾಗಾದ್ರೆ ಕಲಿಯೋಕೆ ಬೇಕಾದಷ್ಟು ಟೈಮಿದೆ. ಬಿಸ್ಕತ್ತು ತಗೋ."

ಪಟ್ಟಿ ತಪ್ಪಿದ್ದರ ಜೊತೆ ಮ್ಯಾಕ್ರೋ ವಿಷಯವೂ ಗೊತ್ತಾಗಿ ಮೆರೆಟೆ ಜನವರಿ ನಾಲ್ಕಕ್ಕೆ ನನ್ನನ್ನು ಕರೆದಿದ್ದಳು. ನಮ್ಮ ಕಚೇರಿಗಳಲ್ಲಿ ಒಂದು ಪದ್ಧತಿ ಇದೆ. ಯಾರು ಎಡವಟ್ಟು ಮಾಡಿದರೋ ಅವರು ಎಲ್ಲರಿಗೂ ಕೇಕು ತರಬೇಕು. ಎಡವಟ್ಟಿನ ಕೇಕು ಎಂದೇ ಅದಕ್ಕೆ ಹೆಸರು. ಭಾನುವಾರ ನಮ್ಮ ಅಡುಗೆಮನೆಯಲ್ಲಿ ಒಲೆಗಾಗಿ ಜಗಳ.

"ಕೇಕು ನಾನು ಮಾಡೋದು. ಕಚೇರಿ ನಂದು," ಎಂದೆ.

"ಎಡವಟ್ಟು ನಂದು."

"ನಿಮ್ಮ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ ಅತ್ತೆ. ಗೊತ್ತಾಗೋದೂ ಬೇಡ. ನಾನೇ ಬರೆದೆ ಅಂತೀನಿ, ಮುಗೀತು."

ಅತ್ತೆ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದರು. "ಸುಳ್ಳು ಹೇಳಿ ನನ್ನನ್ನ ಕಾಪಾಡ್ತೀಯಾ? ಮೂವತ್ತೊಂದು ವರ್ಷ ನನ್ನ ಕಾರ್ಡಿನ ಮೂಲೇಲಿ ನನ್ನ ಹೆಸರು ಬರೆದಿದ್ದೀನಿ. ತಪ್ಪಾದಾಗ್ಲೂ."

ಸೋಮವಾರ ಟ್ರೋಲ್ಸ್ ಓಡಿಸುವ ಬಸ್ಸಿನಲ್ಲೇ ಹೋದೆವು, ತೊಡೆಯ ಮೇಲೆ ಒಂದೊಂದು ಕೇಕು. ಕಂದು ಸಕ್ಕರೆ ಸುರಿದದ್ದು ಅವರದು, ಸೇಬು ಹಾಕಿದ್ದು ನನ್ನದು. ಇಳಿಯುವಾಗ ಟ್ರೋಲ್ಸ್ "ಇಬ್ಬರೂ ಜೀವಂತ ವಾಪಸ್ ಬನ್ನಿ" ಎಂದು ಧ್ವನಿವರ್ಧಕದಲ್ಲಿ ಹೇಳಿದ, ಇಡೀ ಬಸ್ಸು ತಿರುಗಿ ನೋಡಿತು.

ಮೆರೆಟೆಯ ಕೋಣೆಯಲ್ಲಿ ಕಂಪ್ಯೂಟರ್ ವಿಭಾಗದವನೊಬ್ಬ ಕೂತಿದ್ದ. ಮೆರೆಟೆ ಎರಡು ಕೇಕು ನೋಡಿ, ನಮ್ಮಿಬ್ಬರನ್ನು ನೋಡಿದಳು. "ಇವ್ರು ಯಾರು?"

"ನನ್ನ ಅತ್ತೆ. ಮ್ಯಾಕ್ರೋ ಬರೆದವರು."

ಕಂಪ್ಯೂಟರಿನವನ ಕೈಯಲ್ಲಿದ್ದ ಕಾಫಿ ಅಲ್ಲೇ ನಿಂತಿತು. ಅತ್ತೆ ಚೌಕುಳಿ ಕಾಗದ ಬಿಡಿಸಿಟ್ಟು, ಕೊನೆಯ ಚೌಕದ ಮೇಲೆ ಬೆರಳಿಟ್ಟು, "ತಪ್ಪು ಇಲ್ಲಿದೆ" ಎಂದರು. ಅವನು ಐದು ನಿಮಿಷ ಕಾಗದ ನೋಡಿದ. ಆಮೇಲೆ, ಚೆನ್ನಾಗಿದೆ, ಆದರೆ ಹೊರಗಿನವರು ಬರೆದದ್ದನ್ನು ಇಲ್ಲಿ ಇಡುವ ಹಾಗಿಲ್ಲ, ಅಳಿಸಬೇಕು ಎಂದ.

ಇನ್ನು ಗುಟ್ಟು ಇಟ್ಟುಕೊಂಡು ಏನು ಮಾಡಲಿ? ಡಾಕ್ಟರ ಪತ್ರ ತೆಗೆದು ಮೇಜಿನ ಮೇಲಿಟ್ಟೆ.

"ಅಳಿಸಿದ್ರೆ ನಾನು ಈ ಕೆಲಸ ಮಾಡೋಕಾಗಲ್ಲ. ಇಷ್ಟವಿಲ್ಲದೆ ಅಲ್ಲ, ಕೈ ಉಳಿಯಲ್ಲ."

ಮೆರೆಟೆ ಪತ್ರ ಓದಿದಳು. "ಇದು ಸೆಪ್ಟೆಂಬರಿನದು. ಯಾಕೆ ಹೇಳ್ಲಿಲ್ಲ ನನಗೆ?"

"ಪಕ್ಕದ ವಿಭಾಗದ ಕುರ್ಚಿಗೆ ಏನಾಯ್ತು ಅಂತ ನೋಡಿದ್ದೆ."

ಅವಳ ಕಿವಿ ಕೆಂಪಾಯಿತು. ಪತ್ರ ಮಡಚಿಟ್ಟು, ಕಂಪ್ಯೂಟರಿನವನಿಗೆ ಹೇಳಿದಳು: "ಇದನ್ನ ಅಳಿಸಿದ್ರೆ ಪ್ರತಿ ಗುರುವಾರ ನೀನು ಬಂದು ತೊಂಬತ್ತಾರು ಹಾಳೆ ಕೈಯಲ್ಲಿ ನಕಲು ಮಾಡ್ತೀಯಾ? ಇಲ್ಲ ತಾನೆ? ಹಾಗಾದ್ರೆ ಇದನ್ನ ನಿಯಮದೊಳಗೆ ತರೋದು ಹೇಗೆ ಅಂತ ಹೇಳು." ಆಮೇಲೆ ನಮ್ಮ ಕಡೆ ತಿರುಗಿ ಮೆಲ್ಲಗೆ, "ಪಟ್ಟಿಯ ಮೇಲೆ ಒಂದನೇ ವಾರ ಅಂತ ದಪ್ಪಕ್ಷರದಲ್ಲಿತ್ತು. ನಾನೂ ನೋಡದೆ ಸಹಿ ಹಾಕಿದ್ದೆ," ಎಂದಳು.

ಮೂರು ಷರತ್ತಿನ ಮೇಲೆ ಮ್ಯಾಕ್ರೋ ಉಳಿಯಿತು. ಕಂಪ್ಯೂಟರಿನವನು ಸಾಲುಸಾಲಾಗಿ ಓದಿ ಒಪ್ಪಬೇಕು. ಹಾಳೆಗೆ ಬರೆಯುವ ಮೊದಲು ಮ್ಯಾಕ್ರೋ ನಿಂತು, ವಾರ ಸರಿಯೇ ಎಂದು ಮನುಷ್ಯರನ್ನು ಕೇಳಬೇಕು. ಗುರುವಾರ ಉಳಿಯುವ ಹೊತ್ತಿನಲ್ಲಿ ನಾನು ಹೊಸದಾಗಿ ಸೇರಿದವರ ಮನೆಗೆ ಹೋಗಿ ಅವರ ಮುಖ ನೋಡಿ ಬರಬೇಕು. ಮೂರನೆಯದನ್ನು ಕೇಳಿಕೊಂಡವಳು ನಾನೇ. ಮರುದಿನ ಮೆರೆಟೆಯೂ ಒಂದು ಕೇಕು ತಂದಳು. ಅತ್ತೆಗೆ ಒಂದು ತುಂಡು ಕಟ್ಟಿಕೊಟ್ಟಳು. ಅತ್ತೆ ಅದನ್ನು ಮೂಸಿ ನೋಡಿ, "ಅಂಗಡಿದು. ತಪ್ಪು ಒಪ್ಕೊಂಡ್ಲು, ಒಲೆ ಹಚ್ಚಲಿಲ್ಲ," ಎಂದು ಪೂರ್ತಿ ತಿಂದರು.

ನಿಂತು ಕೇಳುವ ಆ ಪುಟ್ಟ ಪೆಟ್ಟಿಗೆಯ ಮಾತನ್ನು ಅತ್ತೆ ತಾವೇ ಬರೆದರು. ಗುರುವಾರ ಗುಂಡಿ ಒತ್ತಿದರೆ ಪರದೆಯ ನಡುವೆ ಬರುತ್ತದೆ: "ವಿಬೇಕೆ, ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ್ಯಾ?" ಕೆಳಗೆ ಹೌದು, ಇಲ್ಲ ಎಂಬ ಎರಡು ಗುಂಡಿ. ಹೌದು ಒತ್ತಿದರೆ, "ಸರಿ. ಹೋಗಿ ಕಾಫಿ ಕುಡಿ." ಬೇರೆ ಮೂರು ವಿಭಾಗದವರೂ ಅದನ್ನೇ ಬಳಸತೊಡಗಿದರು. ಹೆಸರು ಬದಲಾಯಿಸಿ ಎಂದು ಕೇಳಿದರೆ ಅತ್ತೆ ಒಪ್ಪಲಿಲ್ಲ, ಹಾಗಾಗಿ ಗುರುವಾರ ನಮ್ಮಲ್ಲಿ ನಾಲ್ಕು ಜನ ವಿಬೇಕೆಯರು ಬೈಸಿಕೊಳ್ಳುತ್ತೇವೆ.

ಆರನೆಯ ವಾರದ ಗುರುವಾರ ನನಗೆ ನೆಗಡಿ, ತಲೆಭಾರ. ಪೆಟ್ಟಿಗೆ ಬಂತು. ನೋಡಿದ್ದೇನಾ ಇಲ್ಲವಾ ಎಂದು ನಿಜಕ್ಕೂ ನೆನಪಾಗಲಿಲ್ಲ. ಅಷ್ಟು ವಾರದಲ್ಲಿ ಮೊದಲ ಸಲ ಇಲ್ಲ ಎಂದು ಒತ್ತಿದೆ.

ಇನ್ನೊಂದು ಪೆಟ್ಟಿಗೆ ತೆರೆದುಕೊಂಡಿತು. "ಇಲ್ಲ ಅಂತ ಒಪ್ಕೊಂಡ್ಯಲ್ಲ, ಒಳ್ಳೇದಾಯ್ತು. ಹೋಗಿ ನೋಡ್ಕೊಂಡು ಬಾ. ಅವಸರ ಇಲ್ಲ ಮಗಳೇ, ನಾನು ಕಾಯ್ತಿರ್ತೀನಿ."

ಇಪ್ಪತ್ತು ವರ್ಷದಲ್ಲಿ ಆ ಹೆಂಗಸು ನನ್ನನ್ನು ಎದುರಿಗೆ ಒಮ್ಮೆಯೂ ಮಗಳೇ ಎಂದವರಲ್ಲ. ಯಾರೂ ಒತ್ತದ ಗುಂಡಿಯ ಕೆಳಗೆ ಬರೆದಿಟ್ಟು, ಒಂದು ಮಾತೂ ಹೇಳದೆ ಐದು ವಾರ ನನ್ನ ಜೊತೆ ಒಂದೇ ಮೇಜಿನಲ್ಲಿ ಉಂಡಿದ್ದರು. ನಾನು ಎದ್ದು ಕ್ಯಾಲೆಂಡರ್ ನೋಡಲಿಲ್ಲ. ಆ ಪೆಟ್ಟಿಗೆಯನ್ನು ಹಾಗೇ ಬಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ನನ್ನ ಅದೃಷ್ಟ ದೊಡ್ಡದು ಅನ್ನಿಸಿತು.

ಸಂಜೆ ಅತ್ತೆ ಒಲೆಯ ಮುಂದೆ ಮೀನು ಮಗುಚುತ್ತಿದ್ದರು. ಹಿಂದಿನಿಂದ ಹೋಗಿ ಅವರ ಹೆಗಲು ಹಿಡಿದುಕೊಂಡೆ.

"ಏನೇ ಇದು? ಬಿಡು, ಎಣ್ಣೆ ಸಿಡಿಯುತ್ತೆ."

"ಇವತ್ತು ನಾನು ಇಲ್ಲ ಅಂತ ಒತ್ತಿದೆ ಅತ್ತೆ."

ಅವರ ಕೈಯಲ್ಲಿದ್ದ ಸೌಟು ನಿಂತಿತು. ಕುತ್ತಿಗೆಯವರೆಗೂ ಕೆಂಪೇರಿದರು. ನಾನು ಹೆಗಲು ಬಿಡಲಿಲ್ಲ, ಅವರೂ ಕೊಡವಲಿಲ್ಲ. ಮೀನಿನ ಒಂದು ಮಗ್ಗುಲು ಸೀಯುವವರೆಗೆ ಹಾಗೇ ನಿಂತಿದ್ದೆವು.

"ಅಂದ್ರೆ," ಎಂದರು ಕೊನೆಗೆ ಬಾಣಲೆಯನ್ನೇ ನೋಡುತ್ತಾ, "ಇವತ್ತೂ ಕ್ಯಾಲೆಂಡರ್ ನೋಡದೆ ಕೂತಿದ್ದೆ ಅಂತಾಯ್ತು, ದಡ್ಡಿ."